ಸರ್ಪಸುತ್ತಿನ ನೋವು ಮತ್ತು ನರ್ವ್ ಬ್ಲಾಕ್: ಹಿರಿಯರಿರುವ ಮನೆಗಳಿಗೆ ಕೆಲವು ಮಾತುಗಳು

(ಶತಮಾನೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗಡಿನಾಡಿನ ಕನ್ನಡದ ಕುರಿತು, ಶಿಕ್ಷಣದ ಕುರಿತು ಬಲ್ಲವರು ಈ ವೇದಿಕೆಯಿಂದ ಈಗಾಗಲೇ ಮಾತನಾಡಿದ್ದಾರೆ. ಈ ಶಾಲೆಯಲ್ಲಿ ಅಕ್ಷರ ಕಲಿತು, ಈಗ ಅರಿವಳಿಕೆ ಮತ್ತು ನೋವುನಿವಾರಣೆಯ ವಿಭಾಗಗಳಲ್ಲಿ ದುಡಿಯುತ್ತಿರುವ ನಮಗೆ ವಹಿಸಿದ್ದು ಆರೋಗ್ಯದ ವಿಷಯ. ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗೆಗೆ ತಾವು ಸಾಕಷ್ಟು ಕೇಳಿದ್ದೀರಿ. ಅವುಗಳಷ್ಟು ಚರ್ಚೆಗೆ ಬಾರದ, ಆದರೆ ನಮ್ಮ ಹಿರಿಯರ ನಿದ್ರೆಯನ್ನೂ ನೆಮ್ಮದಿಯನ್ನೂ ತಿಂಗಳುಗಟ್ಟಲೆ ಕಸಿದುಕೊಳ್ಳಬಲ್ಲ ಒಂದು ನೋವಿನ ಬಗೆಗೆ ಮಾತನಾಡಲು ನಾವು ತೀರ್ಮಾನಿಸಿದೆವು. ಅದು ಸರ್ಪಸುತ್ತಿನ ನೋವು. ಅದನ್ನು ತಗ್ಗಿಸಲು ಇಂದು ಲಭ್ಯವಿರುವ ಉಪಾಯಗಳಲ್ಲಿ ಒಂದಾದ ನರ್ವ್ ಬ್ಲಾಕ್ ಎಂಬ ಚಿಕಿತ್ಸೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಈ ಮಾತಿನ ತಿರುಳು.

ಮೊದಲು ರೋಗದ ಪರಿಚಯ. ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಬಾರದವರು ನಮ್ಮ ಹಿರಿಯರಲ್ಲಿ ಕಡಿಮೆ. ಸೀತಾಳೆ ಸಿಡುಬು, ‘ಅಮ್ಮ’ ಎಂದೆಲ್ಲ ಅದಕ್ಕೆ ಹೆಸರು. ಮೈಮೇಲಿನ ಬೊಕ್ಕೆಗಳು ಮಾಯುತ್ತವೆ, ಸ್ನಾನವಾಗುತ್ತದೆ, ಮಗು ಮತ್ತೆ ಶಾಲೆಗೆ ಹೋಗುತ್ತದೆ. ಆದರೆ ಆ ರೋಗದ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿ, ಮುಖದ ನರಗಳ ಬುಡದಲ್ಲಿ ಇರುವ ನರಗಂಟುಗಳೊಳಗೆ ಅದು ಸದ್ದಿಲ್ಲದೆ ಅಡಗಿ ಕುಳಿತುಬಿಡುತ್ತದೆ. ಐವತ್ತು ಅರುವತ್ತು ವರ್ಷಗಳ ಬಳಿಕ, ವಯಸ್ಸಿನಿಂದಲೋ ಬೇರೆ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಂದಿದಾಗ, ಯಾವುದೋ ಒಂದು ನರಗಂಟಿನಲ್ಲಿ ಅದು ಎಚ್ಚರಗೊಂಡು, ಆ ನರದ ಗುಂಟ ಚರ್ಮದವರೆಗೆ ಸಾಗಿ ಬರುತ್ತದೆ. ಅದೇ ಸರ್ಪಸುತ್ತು. ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಅಡಗಿದ ವೈರಾಣು ಮರಳಿ ಎಚ್ಚರಗೊಳ್ಳುತ್ತದೆ ಎಂಬ ಈ ವಿವರಣೆಯನ್ನು 1965ರಲ್ಲಿ ಖಚಿತ ರೂಪದಲ್ಲಿ ಮಂಡಿಸಿದವರು ಎಡ್ಗರ್ ಹೋಪ್ ಸಿಂಪ್ಸನ್. ಅವರು ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಪುಟ್ಟ ಪಟ್ಟಣದ ಸಾಮಾನ್ಯ ವೈದ್ಯರು. ತಮ್ಮಲ್ಲಿಗೆ ಬಂದ ರೋಗಿಗಳ ವಿವರಗಳನ್ನು ವರ್ಷಾನುಗಟ್ಟಲೆ ಶ್ರದ್ಧೆಯಿಂದ ಬರೆದಿಟ್ಟುಕೊಂಡು ಅವರು ಈ ನಿರ್ಣಯಕ್ಕೆ ಬಂದರು.

ಬೊಕ್ಕೆಗಳು ಪಟ್ಟಿಯಂತೆ ಸುತ್ತಿಕೊಳ್ಳುವುದನ್ನು ಕಂಡು ನಮ್ಮ ಹಿಂದಿನವರು ಇದಕ್ಕೆ ಸರ್ಪದ ಹೆಸರಿಟ್ಟರು. ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವಕ್ಕೆ ಅಪಾಯ ಎಂಬ ಭಯವೂ ಆ ಹೆಸರಿನೊಡನೆ ಬಂತು. ಈ ಭಯಕ್ಕೆ ಆಧಾರವಿಲ್ಲ. ಬೆನ್ನುಹುರಿಯಿಂದ ನರಗಳು ಎಡಕ್ಕೊಂದು ಬಲಕ್ಕೊಂದು ಎಂಬಂತೆ ಜೋಡಿಯಾಗಿ ಹೊರಡುತ್ತವೆ. ಒಂದೊಂದು ನರಕ್ಕೂ ಚರ್ಮದಲ್ಲಿ ಅದರದೇ ಆದ ಒಂದು ಪಟ್ಟಿ ಮೀಸಲು. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಸರ್ಪಸುತ್ತಿನ ರೋಗಿಗಳನ್ನು ಅಭ್ಯಸಿಸಿಯೇ ಈ ಪಟ್ಟಿಗಳ ನಕ್ಷೆಯನ್ನು ಬರೆದರು. ವೈರಾಣು ಸಾಮಾನ್ಯವಾಗಿ ಒಂದು ಬದಿಯ ಒಂದು ನರದಲ್ಲಿ ಎಚ್ಚರಗೊಳ್ಳುವುದರಿಂದ ಬೊಕ್ಕೆಗಳು ಬೆನ್ನಿನ ನಡುವಿನಿಂದ ಹೊರಟು ಎದೆಯ ಅಥವಾ ಹೊಟ್ಟೆಯ ನಡುವಿಗೆ ಬಂದು ನಿಲ್ಲುತ್ತವೆ. ಎರಡು ಬದಿಗಳಲ್ಲಿ ಹರಡಿದರೆ ರೋಗನಿರೋಧಕ ಶಕ್ತಿ ತೀರ ಕುಗ್ಗಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಅದಕ್ಕೂ ಹಾವಿನ ತಲೆಬಾಲಗಳಿಗೂ ಸಂಬಂಧವಿಲ್ಲ.

ಕೆಮ್ಮಣ್ಣು ಹಚ್ಚುವವರನ್ನೂ ಮಂತ್ರ ಹಾಕಿಸುವವರನ್ನೂ ಹಳಿಯಲು ನಾವು ಇಲ್ಲಿ ನಿಂತಿಲ್ಲ. ಉರಿಯುವ ಮೈಗೆ ತಂಪು ತಾಗಿದರೆ ಹಿತವೆನಿಸುವುದು ಸಹಜ. ಆದರೆ ಒಂದು ಮಾತನ್ನು ಗಮನಿಸಬೇಕು. ಸರ್ಪಸುತ್ತಿನ ಬೊಕ್ಕೆಗಳು ಯಾವ ಮದ್ದು ಮಾಡದಿದ್ದರೂ ಎರಡರಿಂದ ನಾಲ್ಕು ವಾರಗಳಲ್ಲಿ ಒಣಗಿ ಉದುರುತ್ತವೆ. ಬೊಕ್ಕೆ ಒಣಗಿತು, ರೋಗ ಹೋಯಿತು ಎಂದು ಮನೆಯವರು ತಿಳಿಯುತ್ತಾರೆ. ಚರ್ಮ ಗುಣವಾದರೂ ಒಳಗಿನ ನರ ಗುಣವಾಗಿರುವುದಿಲ್ಲ. ಮೊದಲ ಕೆಲವು ದಿನಗಳನ್ನು ಕಳೆದುಕೊಂಡದ್ದರ ಬೆಲೆ ಆಮೇಲೆ ಗೊತ್ತಾಗುತ್ತದೆ. ಅಲ್ಲದೆ, ಬೊಕ್ಕೆಯ ಮೇಲೆ ಮಣ್ಣನ್ನೋ ಸೊಪ್ಪಿನ ರಸವನ್ನೋ ಹಚ್ಚಿ ಕೀವಾದರೆ, ಮುಂದೆ ಆ ಜಾಗದಲ್ಲಿ ಸೂಜಿ ಇಳಿಸಬೇಕಾದ ಚಿಕಿತ್ಸೆಗೂ ಅಡ್ಡಿಯಾಗುತ್ತದೆ.

ಈ ನೋವಿನ ಸ್ವಭಾವವೇ ಬೇರೆ. ಬೊಕ್ಕೆ ಏಳುವುದಕ್ಕೆ ಎರಡು ಮೂರು ದಿನ ಮೊದಲೇ ಅದು ಶುರುವಾಗುವುದುಂಟು. ಎದೆಯ ಎಡಬದಿಯಲ್ಲಾದರೆ ಹೃದಯದ ನೋವೆಂದೂ ಹೊಟ್ಟೆಯ ಬಲಬದಿಯಲ್ಲಾದರೆ ಪಿತ್ತಕೋಶದ ಕಲ್ಲೆಂದೂ ಭ್ರಮೆಯಾಗುತ್ತದೆ. ಎದೆನೋವು ಬಂದಾಗ ಮೊದಲು ಹೃದಯವನ್ನು ಪರೀಕ್ಷಿಸಿಕೊಳ್ಳುವುದೇ ಸರಿ. ಅದಾದ ಮೇಲೆ ಚರ್ಮವನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಬೊಕ್ಕೆ ಎದ್ದ ಬಳಿಕ ಉರಿ, ಚುಚ್ಚು, ಕರೆಂಟು ಹೊಡೆದಂಥ ಚಳುಕು ಒಟ್ಟೊಟ್ಟಿಗೆ ಬರುತ್ತವೆ. ಬಹಳ ಮಂದಿಗೆ ಇದು ಕೆಲವು ವಾರಗಳಲ್ಲಿ ತಗ್ಗುತ್ತದೆ. ಮೂರು ತಿಂಗಳು ಕಳೆದರೂ ಉಳಿದ ನೋವನ್ನು ವೈದ್ಯರು ಸರ್ಪಸುತ್ತಿನ ನಂತರದ ನರನೋವು ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಆಗ ಚರ್ಮದಲ್ಲಿ ಕಲೆಯಲ್ಲದೆ ಬೇರೇನೂ ಕಾಣದು. ಆದರೆ ಬೈರಾಸು ತಾಗಿದರೆ ಕೆಂಡ, ಫ್ಯಾನಿನ ಗಾಳಿ ತಾಗಿದರೆ ಕೆಂಡ. ಅಂಗಿ ತೊಡಲಾಗದೆ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟ ಹಿರಿಯರನ್ನು ನಾವು ಕಂಡಿದ್ದೇವೆ. ಹೊರಗೆ ಗಾಯ ಕಾಣದ ಕಾರಣ, ‘ಅಜ್ಜನಿಗೆ ವಯಸ್ಸಾಯಿತು, ಗೊಣಗುತ್ತಾರೆ’ ಎಂಬ ಮಾತು ಮನೆಯೊಳಗೆ ಹುಟ್ಟಿಕೊಳ್ಳುತ್ತದೆ. ವಯಸ್ಸು ಏರಿದಷ್ಟೂ ಈ ನೋವು ಉಳಿದುಕೊಳ್ಳುವ ಸಂಭವ ಏರುತ್ತದೆ ಎಂಬುದು ಮಾತ್ರ ನಿಜ. ಮೊದಲ ದಿನಗಳ ನೋವು ಎಷ್ಟು ತೀವ್ರವೋ ಅದು ಉಳಿಯುವ ಭಯವೂ ಅಷ್ಟೇ ಹೆಚ್ಚು.

ನೋವು ಹೀಗೇಕೆ ಉಳಿಯುತ್ತದೆ? ಈ ಶಾಲೆಯ ಜಗಲಿಯಲ್ಲಿ ಕುಳಿತು ನಾವೆಲ್ಲ ಮಗ್ಗಿಯನ್ನು ದಿನವೂ ಗಟ್ಟಿಯಾಗಿ ಹೇಳಿದವರು. ಹೇಳಿ ಹೇಳಿ ಅದು ಬಾಯಿಪಾಠವಾಯಿತು. ಇಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಘಾಸಿಗೊಂಡ ನರವೂ ಹಗಲಿರುಳು ನೋವಿನ ಸಂದೇಶವನ್ನು ಬೆನ್ನುಹುರಿಗೆ ಕಳುಹಿಸುತ್ತ ಹೋದರೆ ಬೆನ್ನುಹುರಿ ಮತ್ತು ಮಿದುಳು ಆ ಪಾಠವನ್ನು ಕಲಿತುಬಿಡುತ್ತವೆ. ಆಮೇಲೆ ಮೆಲುವಾದ ಸ್ಪರ್ಶವನ್ನೂ ಅವು ನೋವೆಂದೇ ಓದುತ್ತವೆ. ಆದುದರಿಂದ ಚಿಕಿತ್ಸೆಯ ಸೂತ್ರ ಒಂದೇ: ಪಾಠ ಗಟ್ಟಿಯಾಗುವ ಮೊದಲೇ ತಡೆಯಬೇಕು.

ಈ ತಡೆಯ ಮೊದಲ ಹೆಜ್ಜೆ ವೈರಾಣುವನ್ನು ಹತ್ತಿಕ್ಕುವ ಮಾತ್ರೆ. ಅಸೈಕ್ಲೊವಿರ್, ವಾಲಸೈಕ್ಲೊವಿರ್ ಮುಂತಾದವು ಈ ವರ್ಗಕ್ಕೆ ಸೇರಿದವು. ಅಸೈಕ್ಲೊವಿರ್ ರೂಪುಗೊಂಡ ಸಂಶೋಧನೆಯ ಮುಂಚೂಣಿಯಲ್ಲಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ, ಇತರ ಇಬ್ಬರೊಂದಿಗೆ, ನೊಬೆಲ್ ಪ್ರಶಸ್ತಿ ಬಂತು. ಈ ಮಾತ್ರೆಗಳನ್ನು ಬೊಕ್ಕೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಉತ್ತಮ ಫಲ. ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಿಗೆ ಪ್ರಮಾಣ ತಗ್ಗಿಸಬೇಕಾಗುವುದರಿಂದ ವೈದ್ಯರನ್ನು ಕಂಡೇ ತೆಗೆದುಕೊಳ್ಳತಕ್ಕದ್ದು. ಹಣೆ, ಕಣ್ಣರೆಪ್ಪೆ, ಮೂಗಿನ ತುದಿಯಲ್ಲಿ ಬೊಕ್ಕೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ದೃಷ್ಟಿಗೇ ಕುತ್ತು ಬರಬಹುದು.

ಎರಡನೆಯ ಹೆಜ್ಜೆ ನೋವಿನ ಶಮನ. ಸಾಮಾನ್ಯ ನೋವಿನ ಮಾತ್ರೆಗಳಿಗೆ ನರದ ನೋವು ಅಷ್ಟಾಗಿ ಬಗ್ಗುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಔಷಧಗಳು ಬೇಕಾಗುತ್ತವೆ. ಇವು ಒಳ್ಳೆಯ ಔಷಧಗಳೇ. ಆದರೆ ಎಪ್ಪತ್ತೈದು ದಾಟಿದ ದೇಹದಲ್ಲಿ ಇವುಗಳಿಂದ ತಲೆಸುತ್ತು, ಮಂಪರು, ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಮುಂತಾದ ತೊಂದರೆಗಳು ಸುಲಭವಾಗಿ ತಲೆದೋರುತ್ತವೆ. ರಾತ್ರಿ ಮಂಪರಿನಲ್ಲಿ ಎದ್ದು ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ, ನೋವಿಗೆ ಕೊಟ್ಟ ಮದ್ದೇ ಹೊಸ ಸಂಕಟವನ್ನು ತಂದಂತಾಗುತ್ತದೆ. ಆದುದರಿಂದಲೇ ಇಡೀ ದೇಹಕ್ಕೆ ಮದ್ದು ಕೊಡುವ ಬದಲು ನೊಂದ ನರಕ್ಕಷ್ಟೇ ಮದ್ದು ಮುಟ್ಟಿಸುವ ದಾರಿ ಹಿರಿಯರ ವಿಷಯದಲ್ಲಿ ಮಹತ್ತ್ವ ಪಡೆಯುತ್ತದೆ. ಅದೇ ನರ್ವ್ ಬ್ಲಾಕ್.

ಇದರ ತತ್ತ್ವ ತಮಗೆ ಹೊಸದಲ್ಲ. ಹಲ್ಲು ಕೀಳುವ ಮೊದಲು ದಂತವೈದ್ಯರು ಒಸಡಿಗೆ ಚುಚ್ಚುವ ಮದ್ದೂ ಇದೇ ಬಗೆಯದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಹನಿಗಳನ್ನು ಬಳಸಿ, ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಅರಿವಳಿಕೆಗೆ ನಾಂದಿ ಹಾಡಿದರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಹೆಚ್ಚು ಸುರಕ್ಷಿತವಾದ ಲಿಡೊಕೇನನ್ನು ತಯಾರಿಸಿದರು. ನಮ್ಮಲ್ಲಿ ಅದನ್ನು ಲಿಗ್ನೊಕೇನ್ ಎನ್ನುತ್ತಾರೆ. ಇಂಥ ಮದ್ದು ನರದ ಗುಂಟ ಸಾಗುವ ಸಂದೇಶವನ್ನು ಕೆಲವು ಗಂಟೆಗಳ ಕಾಲ ತಡೆಹಿಡಿಯುತ್ತದೆ. ನರದ ಉರಿಯೂತವನ್ನು ತಗ್ಗಿಸಲು ಅದರೊಡನೆ ಸ್ವಲ್ಪ ಸ್ಟೆರಾಯ್ಡ್ ಸೇರಿಸುವುದೂ ಉಂಟು. ಮರಗಟ್ಟುವಿಕೆ ಗಂಟೆಗಳಲ್ಲಿ ಇಳಿದರೂ ನೋವಿನ ಶಮನ ಕೆಲವೊಮ್ಮೆ ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತದೆ. ಮಗ್ಗಿಯ ಪಠಣಕ್ಕೆ ನಡುವೆ ತಡೆ ಬಿದ್ದು ಪಾಠ ಸಡಿಲವಾದಂತೆ, ಬೆನ್ನುಹುರಿಗೆ ಸಿಗುವ ಈ ವಿರಾಮವೇ ಅದಕ್ಕೆ ಕಾರಣವಿರಬೇಕೆಂದು ವೈದ್ಯಶಾಸ್ತ್ರ ಭಾವಿಸುತ್ತದೆ.

ಸರ್ಪಸುತ್ತು ಇರುವ ಜಾಗಕ್ಕೆ ತಕ್ಕಂತೆ ಬ್ಲಾಕ್ ಬೇರೆ ಬೇರೆ. ಎದೆಗೂಡಿನ ಸುತ್ತ ಇದ್ದರೆ ಪಕ್ಕೆಲುಬುಗಳ ನಡುವಿನ ನರಕ್ಕೆ, ಅಥವಾ ಬೆನ್ನೆಲುಬಿನ ಪಕ್ಕದಲ್ಲಿ ನರ ಹೊರಬರುವ ಸ್ಥಳಕ್ಕೆ ಮದ್ದು ಕೊಡುತ್ತಾರೆ. ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ತೆರಪಿಗೆ ಕೊಡುವುದು ಎಪಿಡ್ಯೂರಲ್. ಹೆರಿಗೆಯ ನೋವಿಗೆ ಕೊಡುವುದನ್ನು ಹಲವರು ಕೇಳಿರಬಹುದು. ಬೆನ್ನಿನ ಸ್ನಾಯುವಿನ ಅಡಿಯ ಪದರದಲ್ಲಿ ಮದ್ದು ಹರಡಿಸುವ ಇನ್ನೊಂದು ವಿಧಾನ 2016ರಲ್ಲಿ ಪ್ರಕಟವಾಯಿತು. ಸೂಜಿ ಬೆನ್ನುಹುರಿಯಿಂದಲೂ ಶ್ವಾಸಕೋಶದಿಂದಲೂ ದೂರ ನಿಲ್ಲುವುದರಿಂದ ಅದು ಬೇಗನೆ ಬಳಕೆಗೆ ಬಂತು. ಮುಖ, ಕುತ್ತಿಗೆ, ತೋಳುಗಳ ನೋವಿಗೆ ಕುತ್ತಿಗೆಯ ಬುಡದ ಸ್ಟೆಲ್ಲೇಟ್ ಎಂಬ ನರಗಂಟಿಗೆ ಮದ್ದು ಕೊಡುವುದುಂಟು. ಆಗ ಆ ಬದಿಯ ರೆಪ್ಪೆ ಜೋತುಬೀಳುವುದು, ಧ್ವನಿ ಕುಸಿಯುವುದು ಕಂಡುಬಂದರೆ ಗಾಬರಿಯಾಗಬೇಕಿಲ್ಲ. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ರೋಗಿಯನ್ನು ಪೂರ್ತಿ ನಿದ್ದೆಗೆಡಹುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಟ್ರಾಸೌಂಡಿನಲ್ಲೋ ಎಕ್ಸ್‌ರೇ ಪರದೆಯಲ್ಲೋ ನೋಡುತ್ತ ಸೂಜಿ ಇಳಿಸುತ್ತಾರೆ. ಬಳಿಕ ಸ್ವಲ್ಪ ಹೊತ್ತು ರಕ್ತದೊತ್ತಡ, ನಾಡಿಗಳನ್ನು ಗಮನಿಸಿ, ಹೆಚ್ಚಿನವರನ್ನು ಅದೇ ದಿನ ಮನೆಗೆ ಕಳುಹಿಸುತ್ತಾರೆ.

ಇಷ್ಟು ಕೇಳಿ, ಒಂದು ಚುಚ್ಚುಮದ್ದಿನಿಂದ ಎಲ್ಲವೂ ಮುಗಿಯಿತೆಂದು ಯಾರೂ ಭಾವಿಸಬಾರದು. ನೆದರ್ಲೆಂಡ್ಸಿನಲ್ಲಿ ಐವತ್ತು ದಾಟಿದ 598 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಎಲ್ಲರಿಗೂ ರೂಢಿಯ ಚಿಕಿತ್ಸೆಯಿತ್ತು. ಅರ್ಧದಷ್ಟು ಮಂದಿಗೆ ಜೊತೆಗೊಂದು ಎಪಿಡ್ಯೂರಲ್ ಚುಚ್ಚುಮದ್ದನ್ನೂ ಕೊಟ್ಟರು. ಒಂದು ತಿಂಗಳ ಬಳಿಕ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 48 ಮಂದಿಗೆ, ಪಡೆಯದವರಲ್ಲಿ 58 ಮಂದಿಗೆ ನೋವಿತ್ತು. ಲಾಭವಿತ್ತು, ಆದರೆ ಅಲ್ಪ. ಮೂರು ತಿಂಗಳ ಹೊತ್ತಿಗೆ ಆ ಅಂತರವೂ ಅಳಿಸಿಹೋಗಿತ್ತು. ಇನ್ನೊಂದು ಕಡೆ, ಚೀನಾದಲ್ಲಿ 132 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನೆಲುಬಿನ ಪಕ್ಕದ ಬ್ಲಾಕನ್ನು ಮೊದಲ ದಿನಗಳಲ್ಲೇ ಒಂದು ವಾರದೊಳಗೆ ಹಲವು ಬಾರಿ ಕೊಟ್ಟಾಗ ನೋವು ಉಳಿದವರ ಸಂಖ್ಯೆ ಗಣನೀಯವಾಗಿ ತಗ್ಗಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ನಮಗೆ ತೋರುವುದು ಇಷ್ಟು: ಬ್ಲಾಕ್ ಆ ಹೊತ್ತಿನ ಅಸಹನೀಯ ನೋವಿನಿಂದ ಬಿಡುವು ಕೊಡಬಲ್ಲದು; ಬೇಗ ಆರಂಭಿಸಿ ಮರುಕಳಿಸಿ ಕೊಟ್ಟರೆ ಮುಂದಿನ ನೋವನ್ನೂ ತಗ್ಗಿಸುವ ಸಾಧ್ಯತೆ ಇದೆ; ಒಂದೇ ಒಂದು ಚುಚ್ಚುಮದ್ದು ಶಾಶ್ವತ ಪರಿಹಾರವಲ್ಲ. ವರ್ಷ ಕಳೆದ ಹಳೆಯ ನೋವಿನಲ್ಲಿ ಅದರ ಫಲ ಇನ್ನೂ ಅನಿಶ್ಚಿತ. ಎರಡು ರಾತ್ರಿ ನಿದ್ದೆ ಬಂದರೂ ಸಾಕೆಂದು ಕೈಮುಗಿಯುವ ಅಜ್ಜಿಗೆ ಈ ಅಲ್ಪ ಲಾಭವೂ ದೊಡ್ಡದೇ. ಆದರೆ ಅಲ್ಪವನ್ನು ಅಲ್ಪವೆಂದು ಮೊದಲೇ ಹೇಳುವುದು ವೈದ್ಯರ ಧರ್ಮ. ಕೇಳಿ ತಿಳಿದುಕೊಳ್ಳುವುದು ಮನೆಯವರ ಹಕ್ಕು.

ಅಪಾಯಗಳೂ ಇವೆ. ಎದೆಯ ಭಾಗದ ಬ್ಲಾಕಿನಲ್ಲಿ ವಿರಳವಾಗಿ ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಬಹುದು. ಮದ್ದು ರಕ್ತನಾಳಕ್ಕೆ ಸೇರಿದರೆ ಅಪಸ್ಮಾರ, ಹೃದಯದ ತೊಂದರೆ ಬರಬಹುದು. ಆದುದರಿಂದ ತುರ್ತು ಚಿಕಿತ್ಸೆಯ ಸಜ್ಜು ಇರುವ ಕಡೆಯಲ್ಲಷ್ಟೇ ಇದನ್ನು ಮಾಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು. ಸ್ಟೆರಾಯ್ಡ್ ಸೇರಿದ್ದರೆ ಕೆಲವು ದಿನ ಸಕ್ಕರೆಯ ಅಂಶ ಏರುತ್ತದೆ; ಮಧುಮೇಹಿಗಳು ಪರೀಕ್ಷಿಸಿಕೊಳ್ಳುತ್ತಿರಬೇಕು. ಮನೆಯವರು ವೈದ್ಯರಲ್ಲಿ ನಾಲ್ಕು ಪ್ರಶ್ನೆಗಳನ್ನು ಧೈರ್ಯದಿಂದ ಕೇಳಬಹುದು: ಯಾವ ನರಕ್ಕೆ ಕೊಡುತ್ತೀರಿ? ಎಷ್ಟು ಸಲ ಬೇಕಾಗಬಹುದು? ಎಷ್ಟು ದಿನದ ಶಮನ ನಿರೀಕ್ಷಿಸಬಹುದು? ಫಲಿಸದಿದ್ದರೆ ಮುಂದೇನು?

ಈಗ ನಮ್ಮ ಊರಿಗೆ ಸಂಬಂಧಿಸಿದ ಒಂದು ಮಾತು. ರಕ್ತಪರೀಕ್ಷೆಯಲ್ಲಿ ನೋವು ಕಾಣುವುದಿಲ್ಲ. ರೋಗಿಯ ಮಾತೇ ಅದಕ್ಕೆ ಸಾಕ್ಷಿ. ಕಾಸರಗೋಡಿನ ನಮ್ಮ ಹಿರಿಯರು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾರೆ. ಆಸ್ಪತ್ರೆಯ ಚೀಟಿ ಮತ್ತೊಂದು ಭಾಷೆಯದು. ಅಜ್ಜಿ ‘ಉರಿ’ ಎಂದದ್ದು, ‘ಚಳುಕು’ ಎಂದದ್ದು, ‘ಜುಮ್ಮು’ ಎಂದದ್ದು ವೈದ್ಯರ ಕಿವಿ ಮುಟ್ಟುವಾಗ ಬರಿಯ ‘ವೇದನ’ ಆಗಿಬಿಟ್ಟರೆ ನಷ್ಟ ಸಣ್ಣದಲ್ಲ. ಉರಿ, ಚಳುಕು, ಜುಮ್ಮು, ಬಟ್ಟೆ ತಾಗಿದರೆ ಸಹಿಸಲಾಗದಿರುವುದು, ಇವು ನರದ ನೋವಿನ ಗುರುತುಗಳು. ಎಲುಬಿನ ಅಥವಾ ಸ್ನಾಯುವಿನ ನೋವನ್ನು ಹಿರಿಯರು ಬೇರೆ ಮಾತಿನಲ್ಲಿ ಹೇಳುತ್ತಾರೆ. ಯಾವ ಮದ್ದು ಕೊಡಬೇಕು, ಬ್ಲಾಕ್ ಬೇಕೇ ಬೇಡವೇ ಎಂಬುದು ಈ ಮಾತುಗಳ ಮೇಲೆ ನಿಂತಿದೆ. ಜೊತೆಗೆ ಹೋಗುವ ಮಕ್ಕಳು ಮೊಮ್ಮಕ್ಕಳು ‘ನೋವಂತೆ’ ಎಂದಷ್ಟೇ ಹೇಳಿ ಮುಗಿಸದೆ, ಹಿರಿಯರು ಆಡಿದ ಮಾತನ್ನೇ ಬಿಡಿಸಿ ಹೇಳಬೇಕು. ಎರಡು ಮೂರು ಭಾಷೆಗಳನ್ನು ಬಲ್ಲ ಮಕ್ಕಳನ್ನು ಬೆಳೆಸಿದ ಈ ಶಾಲೆಯ ಮನೆಗಳಿಗೆ ಇದು ಅಸಾಧ್ಯವಲ್ಲ. ಮನೆಯ ಭಾಷೆಯ ಮೇಲಿನ ಹಿಡಿತ ಇಲ್ಲಿ ಅಭಿಮಾನದ ವಿಷಯವಷ್ಟೇ ಅಲ್ಲ, ಚಿಕಿತ್ಸೆಯ ಅಂಗವೂ ಹೌದು.

ನೋವಿನ ಆರೈಕೆಯಲ್ಲಿ ನಮ್ಮ ರಾಜ್ಯಕ್ಕೆ ಒಂದು ಹಿರಿಮೆಯಿದೆ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ತಜ್ಞ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವು ಮತ್ತು ಉಪಶಾಮಕ ಆರೈಕೆಯ ಸಂಘವನ್ನು ಆರಂಭಿಸಿದರು. 2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಗೆ ನೀತಿಯೊಂದನ್ನು ರೂಪಿಸಿತು. ಪಂಚಾಯತುಗಳ ಮೂಲಕ ಮನೆಮನೆಗೆ ಬರುವ ದಾದಿಯರನ್ನು ತಾವು ಬಲ್ಲಿರಿ. ಹಾಸಿಗೆ ಹಿಡಿದವರಿಗಾಗಿ ಬರುವ ಅವರಲ್ಲಿ, ಮನೆಯ ಇನ್ನೊಬ್ಬ ಹಿರಿಯರ ಮೈಯಲ್ಲಿ ಎದ್ದ ಬೊಕ್ಕೆಯನ್ನು ತೋರಿಸಲು ಸಂಕೋಚ ಬೇಡ. ನೋವಿನ ಚಿಕಿತ್ಸಾಲಯಕ್ಕೆ ಹೋಗುವ ದಾರಿ ಆ ಒಂದು ಮಾತಿನಿಂದ ತೆರೆಯಬಹುದು.

ಕೊನೆಯದಾಗಿ, ತಡೆಗಟ್ಟುವಿಕೆ. ಐವತ್ತು ದಾಟಿದವರಿಗೆಂದು ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ಭಾರತದಲ್ಲಿ ದೊರೆಯುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ ತೆಗೆದುಕೊಳ್ಳಬೇಕು. ಐವತ್ತು ಮೀರಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ನೂರಕ್ಕೆ 97ರಷ್ಟು, ಎಪ್ಪತ್ತು ದಾಟಿದವರಲ್ಲಿ ಸುಮಾರು 90ರಷ್ಟು ರಕ್ಷಣೆ ನೀಡಿತು. ಬೆಲೆ ದುಬಾರಿ ಎಂಬುದು ನಿಜವಾದ ತೊಡಕು. ಶಕ್ತಿಯಿರುವ ಮಕ್ಕಳು ಹೆತ್ತವರಿಗೆ ಕೊಡಬಹುದಾದ ಉಡುಗೊರೆಗಳಲ್ಲಿ ಇದನ್ನೂ ಒಂದೆಂದು ಎಣಿಸಲಿ. ಶಾಲೆಗೆ ಬರುವ ಮಕ್ಕಳಿರುವ ಮನೆಗಳಿಗೂ ಒಂದು ಸೂಚನೆ: ಸರ್ಪಸುತ್ತಿನ ಬೊಕ್ಕೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಬಾರದ, ಲಸಿಕೆ ಪಡೆಯದ ಮಕ್ಕಳಿಗೂ ಗರ್ಭಿಣಿಯರಿಗೂ ಚಿಕನ್‌ಪಾಕ್ಸ್ ಬರಬಹುದು. ಬೊಕ್ಕೆಗಳು ಒಣಗುವವರೆಗೆ ಅವನ್ನು ಶುಭ್ರ ಬಟ್ಟೆಯಿಂದ ಮುಚ್ಚಿಟ್ಟರೆ ಸಾಕು; ಅಜ್ಜ ಅಜ್ಜಿಯರನ್ನು ಮೂಲೆಯ ಕೋಣೆಗೆ ತಳ್ಳಬೇಕಾಗಿಲ್ಲ.

ಮನೆಯ ಹಿರಿಯರು ಮೈಯ ಒಂದು ಬದಿಯಲ್ಲಿ ಉರಿ ಎಂದಾಗ ಬೆಳಕಿನಲ್ಲಿ ಕೂರಿಸಿ ಚರ್ಮವನ್ನು ನೋಡಿರಿ. ಬೊಕ್ಕೆ ಕಂಡರೆ ಮೂರು ದಿನಗಳೊಳಗೆ ಮಾತ್ರೆ ಆರಂಭವಾಗುವಂತೆ ನೋಡಿಕೊಳ್ಳಿರಿ. ಮಾತ್ರೆಗೆ ಬಗ್ಗದ ನೋವಿದ್ದರೆ ತಿಂಗಳು ಕಾಯದೆ, ನರ್ವ್ ಬ್ಲಾಕ್ ಆಗಬಹುದೇ ಎಂದು ಕೇಳಿರಿ. ವೃದ್ಧಾಪ್ಯ ಸಹಜ, ಚಿಕಿತ್ಸೆಯಿರುವ ನೋವನ್ನು ಸಹಿಸಿಕೊಂಡೇ ಇರಬೇಕಾದುದು ಸಹಜವಲ್ಲ. ಈ ಶಾಲೆಗೆ ನಮ್ಮನ್ನು ಕೈಹಿಡಿದು ಕರೆತಂದವರು ಆ ಹಿರಿಯರು. ಅವರ ನೋವಿನ ಮಾತನ್ನು ನಾವು ಹೊತ್ತು ಮೀರದಂತೆ ಕೇಳಿಸಿಕೊಳ್ಳೋಣ.